ಫೋನ್ ಡಾಕ್ಟ್ರು ಮತ್ತು ನನ್ನ ಹೊಟ್ಟೆಯುರಿ

ಹಳ್ಳಿ ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ ನಗುವ ಪ್ರಸಂಗಗಳಿಗೆ ಯಾವತ್ತೂ ಬರವಿಲ್ಲ. ನನ್ನ ಕಷ್ಟ ಏನೆಂದರೆ, ಪ್ರತಿ ಸಲವೂ ನಗುತ್ತಿದ್ದವರು ಬೇರೆಯವರು, ಉರಿಯುತ್ತಿದ್ದವನು ನಾನು.

ಎಂಬತ್ತರ ದಶಕದ ಶುರುವಿನಲ್ಲಿ ಮಿಡಿಗೇಶಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಸರ್ಕಾರಿ ಡಾಕ್ಟರಾಗಿದ್ದೆ. ನನ್ನ ಜೊತೆ ಓದಿದವನೊಬ್ಬ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೃದಯದ ತಜ್ಞನಾಗಿದ್ದ. ಓದುವಾಗ ಇಬ್ಬರದೂ ಒಂದೇ ಬೆಂಚು. ಪರೀಕ್ಷೆಗೆ ಮುಂಚೆ ಅವನನ್ನು ಕೂರಿಸಿಕೊಂಡು ಪಾಠ ಹೇಳಿದವನು ನಾನು. ಇರಲಿ. ನಮ್ಮ ಆಸ್ಪತ್ರೆಗೆ ಫೋನು ಹಾಕಿಸಿದರು ಅಂತ ಗೊತ್ತಾದಾಗ ಅವನೇ ಹೇಳಿದ: "ಎದೆನೋವು ಅಂದವರನ್ನೆಲ್ಲ ಬೆಂಗಳೂರಿಗೆ ಯಾಕೋ ಓಡಿಸ್ತೀಯ? ಮಂಗಳವಾರ ಮಧ್ಯಾಹ್ನ ಟ್ರಂಕ್ ಕಾಲ್ ಮಾಡು. ನೀನು ನೋಡಿ ಹೇಳು, ನಾನು ಕೇಳಿ ಹೇಳ್ತೀನಿ."

ಒಳ್ಳೆಯ ಯೋಚನೆ, ಒಪ್ಪಿಕೊಂಡೆ. ಸುತ್ತಲಿನ ಜನಕ್ಕೆ ಒಬ್ಬ ತಜ್ಞ ಸಿಕ್ಕಿದ. ನನಗೆ ಹೊಟ್ಟೆಯುರಿ ಶುರುವಾಯಿತು.

ಬೆಂಗಳೂರು ಬಿಳಿ

ಮೊದಲ ಮಂಗಳವಾರ ಬಂದವನು ಕುರಿ ಕಾಯುವ ಒಬ್ಬ ಮುದುಕ. ರಕ್ತದೊತ್ತಡ ಜಾಸ್ತಿ. ನಾನು ಕೊಟ್ಟ ಮಾತ್ರೆಗಳನ್ನು ಅವನು ತಿಂಗಳುಗಟ್ಟಲೆ ಸೂರಿನ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿದ್ದ. ನಾನು ಪರೀಕ್ಷೆ ಮಾಡಿ ಫೋನಿನಲ್ಲಿ ಕೂಗಿ ಹೇಳಿದೆ. ತಜ್ಞ ಕೇಳಿಸಿಕೊಂಡು, ನಾನು ಕೊಡುತ್ತಿದ್ದ ಅದೇ ಮಾತ್ರೆಯ ಹೆಸರು ಹೇಳಿದ. ಅದೇ ಡಬ್ಬಿಯಿಂದ ತೆಗೆದು ಅದನ್ನೇ ಕೊಟ್ಟೆ.

ಮುಂದಿನ ಸಲ ಮುದುಕ ಕುಣಿಯುತ್ತಾ ಬಂದ. "ತಲೆ ಸುತ್ತೋದು ನಿಂತೋಯ್ತು ಸಾ! ಫೋನ್ ಡಾಕ್ಟ್ರು ಮಾತ್ರೆ ಅಂದ್ರೆ ಮಾತ್ರೆ!"

"ಅಯ್ಯಾ, ನಾನು ಕೊಡ್ತಿದ್ದಿದ್ದೂ ಅದೇ ಕಣಯ್ಯ. ಅದೂ ಬಿಳಿ, ಇದೂ ಬಿಳಿ."

ಮುದುಕ ನನ್ನನ್ನು ಕನಿಕರದಿಂದ ನೋಡಿದ. "ನಿಮ್ದು ಬರೀ ಬಿಳಿ ಸಾ. ಇದು ಬೆಂಗಳೂರು ಬಿಳಿ."

ಮಾತಾಡುವ ಯಂತ್ರ

ಕೊಡಿಗೇನಹಳ್ಳಿಯಿಂದ ಬಂದ ಒಬ್ಬ ಹೆಂಗಸಿಗೆ ಎದೆ ಡವಡವ ಅನ್ನುತ್ತಿತ್ತು. "ಆಕೆಯ ಕೈಗೇ ಫೋನ್ ಕೊಡು, ನಾನೇ ವಿಚಾರಿಸ್ತೀನಿ" ಅಂದ ತಜ್ಞ. ಕೊಟ್ಟೆ. ಆಕೆ ರಿಸೀವರನ್ನು ಕಿವಿಗಿಡಲಿಲ್ಲ. ಸೀದಾ ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಜೋರಾಗಿ ಉಸಿರೆಳೆದಳು. ಅವನು ಆ ಕಡೆಯಿಂದ "ಹಲೋ! ಹಲೋ! ಏನಮ್ಮಾ?" ಅಂತ ಕಿರುಚುತ್ತಿದ್ದ. ಸೆರಗಿನ ಮರೆಯಿಂದ ಆ ದನಿ ಸಣ್ಣಗೆ ಬಂತು.

ಆಕೆ ಬೆರಗಾಗಿ ಕಣ್ಣು ಬಿಟ್ಟಳು. "ಗುಂಡಿಗೆ ಒಳಗಿಂದಾನೇ ಮಾತಾಡುಸ್ತಾವ್ರೆ! ಆಯ್ತು ಬುಡಿ, ಎಲ್ಲಾ ಸರಿಯಾಗೈತೆ."

ನಿಜಕ್ಕೂ ಡವಡವ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. "ಇಷ್ಟು ದಿನ ನಾನು ಸ್ಟೆತಾಸ್ಕೋಪ್ ಇಟ್ಟು ನೋಡಲಿಲ್ವೇನಮ್ಮಾ?"

"ಇಕ್ಕಿದ್ರಿ ಕಣಪ್ಪ. ಅದು ಯಾವತ್ತಾದ್ರೂ ಒಂದು ಮಾತಾಡೈತಾ?"

ತಿರುಗಿಸಿ ಹಾಕಿ

ಆಮೇಲಾಮೇಲೆ ಹೃದಯ, ಮಂಡಿ ಅನ್ನುವ ಭೇದವೇ ಉಳಿಯಲಿಲ್ಲ. ಪಾವಗಡದ ಕಡೆಯ ಅಜ್ಜಿಯೊಬ್ಬಳು ಮಂಡಿ ಹಿಡಿದುಕೊಂಡು ಬಂದು ಫೋನ್ ಡಾಕ್ಟ್ರೇ ಬೇಕು ಅಂತ ಕೂತಳು. ಅವತ್ತು ಲೈನಿನಲ್ಲಿ ಬರೀ ಕರಕರ ಶಬ್ದ. "ಏನು ಮಾಡೋಣ ಹೇಳು!" ಅಂತ ಕೂಗಿದೆ.

"ಚೆನ್ನಾಗಿ ಬಿಸಿಲಿಗೆ ಹಾಕಿ" ಅಂತ ಉತ್ತರ ಬಂತು.

"ಬಿಸಿಲಿಗಾ?" ಅಂತ ಗಟ್ಟಿಯಾಗಿ ಕೇಳಿದೆ. ಅಜ್ಜಿಯ ಕಿವಿ ನೆಟ್ಟಗಾಯಿತು.

"ಹಾಂ ಸಾಬ್. ಆಗಾಗ ತಿರುಗಿಸಿ ಹಾಕಿ."

"ತಿರುಗಿಸಿ ಹಾಕಬೇಕಾ?"

"ಮತ್ತೆ? ಹಸಿ ಇದ್ರೆ ಮಾರ್ಕೆಟ್ಟಲ್ಲಿ ಕೌನ್ ಲೇಗಾ, ಯಾರು ತಗೋತಾರೆ? ಒಣಗಿದ ಮೇಲೆ ಕಡಲೆಕಾಯಿ ಚೀಲಕ್ಕೆ ತುಂಬಿ ಶಿರಾಕ್ಕೆ ಕಳಿಸಿ."

ಕ್ರಾಸ್ ಲೈನು! ಆ ಕಡೆ ಇದ್ದವನು ಶಿರಾದ ಕಡಲೆಕಾಯಿ ವ್ಯಾಪಾರಿ. ನಾನು ಫೋನಿಟ್ಟು, ಅಜ್ಜಿಗೆ ನೋವಿನ ಮಾತ್ರೆ ಕೊಟ್ಟು, ಹೇಗೆ ನುಂಗಬೇಕು ಅಂತ ವಿವರಿಸಿ ಕಳಿಸಿದೆ.

ಮುಂದಿನ ವಾರ ಅಜ್ಜಿ ಕೋಲಿಲ್ಲದೆ ನಡೆದು ಬಂದಳು. "ನೊಪ್ಪಿ ಪೋಯಿಂದಿ ನಾಯನಾ! ಬಿಸ್ಲಲ್ಲಿ ಕೂತು ಕಾಲು ಆ ಕಡೆ ಈ ಕಡೆ ತಿರುಗ್ಸಿದೆ. ನೋವೇ ಇಲ್ಲ!"

"ನಾನು ಕೊಟ್ಟ ಮಾತ್ರೆ?"

"ಅಯ್ಯೋ, ಅದು ಮರ್ತೇ ಹೋಯ್ತು."

ಅಲ್ಲಿಯವರೆಗೆ ನನಗೆ ತಜ್ಞನ ಮೇಲೆ ಮಾತ್ರ ಹೊಟ್ಟೆಯುರಿ ಇತ್ತು. ಅವತ್ತಿನಿಂದ ಕಡಲೆಕಾಯಿ ವ್ಯಾಪಾರಿಯ ಮೇಲೂ.

ಮನೆಯಲ್ಲಿ

ಊಟಕ್ಕೆ ಕೂತು ಇದನ್ನೆಲ್ಲ ಹೆಂಡತಿಯ ಹತ್ತಿರ ತೋಡಿಕೊಂಡೆ. ಅವಳು ಸಾರು ಬಡಿಸುತ್ತಾ, "ನೀವು ರೋಗಿಗಳ ಹತ್ರ ಸ್ವಲ್ಪ ಮೆತ್ತಗೆ ಮಾತಾಡಬೇಕು ಕಣ್ರೀ" ಅಂದಳು.

"ಮೆತ್ತಗೆ ಅಂದ್ರೆ?"

"ಫೋನಲ್ಲಿ ನಿಮ್ಮ ಸ್ನೇಹಿತರು ಮಾತಾಡ್ತಾರಲ್ಲ, ಹಾಗೆ."

ಕಂಬಳಿ

ಒಂದು ಬೆಳಗ್ಗೆ ಕುರಿ ಸಾಕುವವರ ಮನೆಯ ಸೊಸೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಉಸಿರು ಸಿಗುತ್ತಿಲ್ಲ, ತುಟಿ ನೀಲಿಗಟ್ಟಿದೆ. ನೋಡಿದ ಕೂಡಲೇ ಸಿರಿಂಜು ತೆಗೆದೆ. ಅತ್ತೆ ಅಡ್ಡ ನಿಂತಳು.

"ಸೂಜಿ ಚುಚ್ಚಬ್ಯಾಡಿ! ಮೊದ್ಲು ಫೋನ್ ಡಾಕ್ಟ್ರುನ್ನ ಕೇಳಿ!"

"ಟೈಮಿಲ್ಲಮ್ಮ, ಜೀವ ಹೋಗುತ್ತೆ."

"ಕೇಳ್ದಲೆ ಮುಟ್ಟುಸಲ್ಲ!"

ಫೋನೆತ್ತಿದೆ. ಸತ್ತು ಹೋಗಿತ್ತು. ಹಿಂದಿನ ದಿನದ ಗಾಳಿಗೆ ಎಲ್ಲೋ ತಂತಿ ಬಿದ್ದಿತ್ತು. ಆ ಹುಡುಗಿಯ ಮುಖ ನೋಡಿದೆ. ಸುಮ್ಮನಿರಲು ಆಗಲಿಲ್ಲ. ಸತ್ತ ಫೋನಿನಲ್ಲೇ ಶುರು ಮಾಡಿದೆ: "ಹಲೋ! ಹೌದು, ಉಸಿರಾಟದ್ದೇ! ಇಂಜೆಕ್ಷನ್ನಾ? ಈಗಲೇ ಕೊಡಬೇಕಾ? ಸರಿ, ಸರಿ!"

ಅತ್ತೆ ಪಕ್ಕಕ್ಕೆ ಸರಿದಳು. ಇಂಜೆಕ್ಷನ್ ಕೊಟ್ಟೆ. ಪಕ್ಕದಲ್ಲೇ ಕೂತೆ. ಅವಳ ಉಸಿರು ಮೆಲ್ಲಗೆ ಹದಕ್ಕೆ ಬಂದು, ಅವಳು ಕಣ್ಣು ಬಿಟ್ಟು ನೀರು ಕೇಳಿದಾಗ ನನ್ನ ಅಂಗಿ ಪೂರ್ತಿ ಒದ್ದೆ. ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ.

ಸಂತೆಯ ದಿನ ಆ ಅತ್ತೆ ಬಂದಳು. ಕಂಕುಳಲ್ಲಿ ಮನೆಯಲ್ಲೇ ನೇಯ್ದ ಕರೀ ಕಂಬಳಿ. ನನಗೇ ಅಂದುಕೊಂಡೆ. ಕೈ ಚಾಚಿದೆ.

"ನಿಮ್ಗಲ್ಲ ಸಾ. ಬೆಂಗ್ಳೂರು ಸ್ವಾಮಿಗೆ. ಬಸ್ಸಲ್ಲಿ ಕಳ್ಸಿಬುಡಿ." ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹಸಿಮೆಣಸಿನಕಾಯಿ ಮೇಜಿನ ಮೇಲಿಟ್ಟಳು. "ಇದು ನಿಮ್ಗೆ. ಪಾಪ, ಫೋನ್ ಮಾಡಿದ್ರಲ್ಲ."

ಅವನೇ ಬಂದ

ಕೊನೆಗೊಮ್ಮೆ ತಜ್ಞನೇ ಜೀಪಿನಲ್ಲಿ ಬಂದ. ಒಂದು ದಿನದ ಹೃದಯ ತಪಾಸಣೆ. ಮಧುಗಿರಿ, ಕೊರಟಗೆರೆ ಕಡೆಯಿಂದೆಲ್ಲ ಜನ ಬಂದು ಮರದ ಕೆಳಗೆ ತುಂಬಿಕೊಂಡರು. ನಾನು ಕುರ್ಚಿ ಬಿಟ್ಟುಕೊಟ್ಟು ಮೂಲೆಯಲ್ಲಿ ನಿಂತೆ. ತಜ್ಞ ಕುಳ್ಳ ಆಳು, ಬೋಳು ತಲೆ. ಸಾಲದ್ದಕ್ಕೆ ಅವತ್ತು ಅವನಿಗೆ ನೆಗಡಿಯಾಗಿ ದನಿ ಪೂರ್ತಿ ಕೂತುಹೋಗಿತ್ತು.

ಒಬ್ಬ ರೈತನ ಎದೆ ನೋಡಿ, "ಬೀಡಿ ಬಿಟ್ಟುಬಿಡಪ್ಪ" ಅಂದ. ರೈತ ಎದ್ದು ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಸಾ, ಆ ಯಪ್ಪ ಯಾರೋ ಕಾಣೆ, ಬೀಡಿ ಬುಡು ಅಂತಾನೆ. ಒಂದ್ಸಲ ಫೋನ್ ಹಾಕಿ ನಮ್ ಡಾಕ್ಟ್ರುನ್ನ ಕೇಳ್ಬುಡಿ, ಬುಡಬೇಕಾ ಅಂತ."

"ಅವನೇ ಕಣಯ್ಯ ಇವನು!"

"ಏ, ಓಗಿ ಸಾ! ಆ ದನಿ ಎಲ್ಲಿ, ಈ ಯಪ್ಪ ಎಲ್ಲಿ!"

ಸುತ್ತ ನಿಂತವರೂ ಹೌದೌದು ಅಂದರು. ಬೇರೆ ದಾರಿ ಕಾಣದೆ ಟ್ರಂಕ್ ಕಾಲ್ ಹಾಕಿದೆ. ಬೆಂಗಳೂರಿನಲ್ಲಿ ನರ್ಸಮ್ಮ ಎತ್ತಿಕೊಂಡು, "ಡಾಕ್ಟ್ರು ಇಲ್ಲ, ಯಾವುದೋ ಹಳ್ಳಿಗೆ ಹೋಗಿದ್ದಾರೆ" ಅಂದರು. ಹಾಗೇ ಹೇಳಿದೆ.

ರೈತ ತಜ್ಞನ ಕಡೆ ತಿರುಗಿದ. "ಕೇಳುಸ್ಕಂಡ್ರಾ? ಅವ್ರು ಬಡವರನ್ನ ನೋಡಕ್ಕೆ ಅಂತ ಹಳ್ಳಿಗೋಗವ್ರೆ. ಅವ್ರು ಡಾಕ್ಟ್ರು! ನೀವೂ ಇದ್ದೀರಿ, ಕುರ್ಚಿ ಮ್ಯಾಲೆ ಕೂತ್ಕಂಡು ಬೀಡಿ ಬುಡು ಅಂತೀರ."

ಅವತ್ತು ನನಗಾದ ಸಂತೋಷ ಹೇಳತೀರದು. ಸಂಜೆ ಜೀಪು ಹತ್ತುವಾಗ ತಜ್ಞನ ಮುಖ ಗಂಟಾಗಿತ್ತು. "ಯಾಕೋ, ಬೇಜಾರಾಯ್ತೇನೋ?" ಅಂತ ಕೇಳಿದೆ.

ಅವನು ಮೂಗು ಒರೆಸಿಕೊಂಡು ಅಂದ: "ಬೆಳಗ್ಗೆಯಿಂದ ಒಬ್ಬೊಬ್ಬರೂ ಫೋನ್ ಡಾಕ್ಟ್ರು ಹಾಗೆ, ಫೋನ್ ಡಾಕ್ಟ್ರು ಹೀಗೆ ಅಂತ ಹೊಗಳಿದ್ದೇ ಹೊಗಳಿದ್ದು. ಯಾರೋ ಅವನು? ಅವನನ್ನ ಕಂಡರೆ ನನಗೆ ಆಗೋದೇ ಇಲ್ಲ ಕಣೋ!"