ಹೆರಾನ್ಸ್ ಪರವಾಗಿ ನಾನು ಕೊಟ್ಟ ದೂರು

ದೂರು ಕೊಡುವ ವಿದ್ಯೆಯಲ್ಲಿ ನಾನು ಪಳಗಿದವನು. ಜಂಬಕ್ಕೆ ಹೇಳುತ್ತಿಲ್ಲ. ಬೆಂಗಳೂರಿನಲ್ಲಿದ್ದಾಗ ನಮ್ಮ ಬೀದಿಯ ಗುಂಡಿ, ಉರಿಯದ ದೀಪ, ಕ್ರಾಸಿನ ಕಸದ ರಾಶಿ, ಇವೆಲ್ಲದರ ವಿರುದ್ಧ ಸಂಬಂಧಪಟ್ಟವರಿಗೆ ದೂರು ಸಲ್ಲಿಸಿದ ಹಿರಿಮೆ ನನ್ನದು. ಗುಂಡಿ ಹಾಗೇ ಇತ್ತು, ದೀಪ ಉರಿಯಲಿಲ್ಲ, ಕಸ ಬೆಳೆಯಿತು. ಅದು ಬೇರೆ ಮಾತು! ಆದರೆ ಆ ಅನುಭವದಿಂದ ಒಂದು ಸೂತ್ರ ಕಲಿತಿದ್ದೆ. ಒಬ್ಬನೇ ದೂರು ಕೊಟ್ಟರೆ ಯಾರ ಕಿವಿಗೂ ಬೀಳುವುದಿಲ್ಲ. ಊರೆಲ್ಲ ಸೇರಿ ಗದ್ದಲ ಎಬ್ಬಿಸಿದರೆ ಯಾರೋ ಒಬ್ಬರು ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡುತ್ತಾರೆ. ಈ ಸೂತ್ರವನ್ನು ಕಂಪನಿಯ ಲ್ಯಾಪ್‌ಟಾಪಿನ ಜೊತೆಗೆ ಜಪಾನಿಗೂ ತಂದಿದ್ದೆ. ತರಬಾರದಿತ್ತು.

ನಾವಿರುವುದು ಕಾವಾಸಾಕಿಯಲ್ಲಿ, ನನ್ನ ಆಫೀಸು ಶಿನಾಗಾವಾದಲ್ಲಿ. ನನ್ನ ಹೆಂಡತಿ ಸುಮಾಳ ಪ್ರಕಾರ ವಾರದ ದಿನಗಳಲ್ಲಿ ನಾನು ಲ್ಯಾಪ್‌ಟಾಪ್ ನೋಡುತ್ತೇನೆ, ರಜೆಯ ದಿನ ಅದು ನನ್ನನ್ನು ನೋಡುತ್ತದೆ. ಇಂಥ ನನ್ನನ್ನು ಒಂದು ಭಾನುವಾರ ಎಬ್ಬಿಸಿಕೊಂಡು ಹೋದವರು ಪಕ್ಕದ ಮನೆಯ ಮೊರಿತಾ ಸಾನ್. ಸಾನ್ ಅಂದರೆ ನಮ್ಮ 'ಅವರು' ಇದ್ದಂತೆ, ಮರ್ಯಾದೆಯ ಮಾತು. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಅವರಿಗೆ ಈಗ ಉಳಿದಿರುವ ಹುಚ್ಚು ಒಂದೇ, ಕಾವಾಸಾಕಿ ಹೆರಾನ್ಸ್.

ಹೆರಾನ್ಸ್ ಅಂದರೆ ಕೊಕ್ಕರೆಗಳು. ನಮ್ಮೂರಿನ ರಗ್ಬಿ ಲೀಗ್ ತಂಡ. ಟೀವಿಯಲ್ಲಿ ಬರುವ ಹದಿನೈದು ಜನರ ರಗ್ಬಿ ಇದಲ್ಲ. ಇಲ್ಲಿ ಹದಿಮೂರೇ ಜನ. ಚೆಂಡು ಹಿಡಿದು ಎದುರಿನವರ ಗೆರೆ ದಾಟಲು ಓಡಬೇಕು, ಅವರು ಕೆಡವುತ್ತಾರೆ, ಎದ್ದು ಮತ್ತೆ ಓಡಬೇಕು. ಆರು ಸಲ ಕೆಡವಿದರೆ ಚೆಂಡು ಅವರ ಪಾಲು. ಇಂಥದ್ದೊಂದು ಆಟ ತಮ್ಮ ದೇಶದಲ್ಲಿ ನಡೆಯುತ್ತದೆಂದು ಬಹುಪಾಲು ಜಪಾನಿನವರಿಗೇ ಗೊತ್ತಿಲ್ಲ. ನಮ್ಮ ಆಟಗಾರರಲ್ಲಿ ತರಕಾರಿ ಅಂಗಡಿಯವರಿದ್ದಾರೆ, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಬಿಲ್ ಹಾಕುವವರಿದ್ದಾರೆ, ಒಬ್ಬರು ದಂತವೈದ್ಯರೂ ಇದ್ದಾರೆ. ನದೀತೀರದ ಮೈದಾನದಲ್ಲಿ ಭಾನುವಾರ ಪಂದ್ಯ. ಆಡುವವರಿಗಿಂತ ನೋಡುವವರು ಕಡಿಮೆ. ಮೊದಲ ದಿನವೇ ನಾನು ಮನಸೋತೆ. ತಂಡ ಬರೀ ಸೋತಿತು.

ತಂಡಕ್ಕೆ ಅಭಿಮಾನಿಗಳು ಬೆರಳೆಣಿಕೆಯಷ್ಟಿದ್ದರೂ ಶತ್ರು ಮಾತ್ರ ಒಬ್ಬ ಗಟ್ಟಿಯಾಗಿದ್ದ. ಸ್ಟೇಷನ್ನಿನ ಬಾಗಿಲಲ್ಲಿ ಬಿಟ್ಟಿ ಸಿಗುವ ಒಂದು ಕ್ರೀಡಾ ವಾರಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ಹಾಸೆಗಾವಾ ಎಂಬ ವರದಿಗಾರ ನಮ್ಮ ಬಗ್ಗೆ ಬರೆಯುತ್ತಿದ್ದ. ಬರೆಯುತ್ತಿದ್ದನೋ, ಚುಚ್ಚುತ್ತಿದ್ದನೋ! "ಹೆರಾನ್ಸ್ ಆಟಗಾರರು ಬಹಳ ವಿನಯವಂತರು. ರಸ್ತೆ ಕಾಮಗಾರಿಯ ಸಿಬ್ಬಂದಿಯಂತೆ ಪಕ್ಕಕ್ಕೆ ಸರಿದು ಎದುರಾಳಿಗಳಿಗೆ ದಾರಿ ತೋರಿಸುತ್ತಾರೆ" ಎಂದು ಒಂದು ವಾರ. "ಭಾನುವಾರ ಅಲ್ಲಿ ಎರಡು ಬಗೆಯ ಕೊಕ್ಕರೆಗಳಿದ್ದವು. ನದಿಯಲ್ಲಿದ್ದವು ಏನನ್ನಾದರೂ ಹಿಡಿದವು" ಎಂದು ಇನ್ನೊಂದು ವಾರ.

ಪಂದ್ಯಕ್ಕೆ ಮುಂಚೆ ಮೊರಿತಾ ಸಾನ್ ಇದನ್ನು ನಿಂತು ಗಟ್ಟಿಯಾಗಿ ಓದುತ್ತಿದ್ದರು. ನಾವೆಲ್ಲ ಹಲ್ಲು ಕಡಿಯುತ್ತಿದ್ದೆವು. ಓದಿ ಮುಗಿಸಿದ ಮೇಲೆ ಅವರದು ಪ್ರತಿ ಸಲ ಒಂದೇ ಮಾತು.

"ಒಂದು ದಿನ ನಾವು ಗೆಲ್ತೀವಿ ಪ್ರಸಾದ್ ಸಾನ್. ಅವತ್ತು ಇದೇ ಮನುಷ್ಯ, ಇದೇ ಮೂಲೆಯಲ್ಲಿ, ಹೆರಾನ್ಸ್ ಗೆದ್ದರು ಅಂತ ಬರೀಬೇಕು. ಅದನ್ನ ಓದಬೇಕು ಅಂತಾನೇ ನಾನು ಬದುಕಿರೋದು."

ನಾನು ಇದರಲ್ಲಿ ಸಿಟ್ಟನ್ನು ಮಾತ್ರ ಕೇಳಿಸಿಕೊಂಡೆ. ನನ್ನ ಕಿವಿಯ ಬಗ್ಗೆ ಸುಮಾಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ.

ಹೀಗಿರುವಾಗ ಒಂದು ವಾರ ಹಾಸೆಗಾವಾ ನಮ್ಮ ದಂತವೈದ್ಯರಿಗೇ ಕೈ ಹಾಕಿದ. "ಇವರ ಕೈಯಿಂದ ಚೆಂಡು ಜಾರುವುದನ್ನು ನೋಡಿದಾಗ ಇವರ ರೋಗಿಗಳ ಬಗ್ಗೆ ಚಿಂತೆಯಾಗುತ್ತದೆ." ನನ್ನ ರಕ್ತ ಕುದಿಯಿತು!

"ಇದಕ್ಕೊಂದು ಗತಿ ಕಾಣಿಸ್ಲೇಬೇಕು ಕಣೇ," ಎಂದೆ.

ಸುಮಾ ಪತ್ರಿಕೆ ಓದಿದಳು. ಅವಳ ಜಪಾನೀಸ್ ನನ್ನದಕ್ಕಿಂತ ಎಷ್ಟೋ ಮೇಲು. "ರೀ, ಇದ್ರಲ್ಲಿ ಸುಳ್ಳು ಏನಿದೆ? ಅವ್ರು ಚೆಂಡು ಬಿಟ್ಟಿದ್ದು ನಾನೂ ನೋಡಿದೀನಲ್ಲ!"

"ಸತ್ಯ, ಸುಳ್ಳಿನ ಪ್ರಶ್ನೆ ಅಲ್ಲ ಇದು. ಸ್ವಾಭಿಮಾನದ ಪ್ರಶ್ನೆ!"

"ಮೊರಿತಾ ಸಾನ್‌ನ ಒಂದ್ ಮಾತು ಕೇಳಿ ಮೊದ್ಲು."

"ಪಾಪ, ಅವ್ರಿಗೆ ಸಂಕೋಚ. ಈ ಕೆಲ್ಸಕ್ಕೆಲ್ಲ ಬೆಂಗಳೂರಿನೋರೇ ಬೇಕು."

ಹೀಗೆ ಯಾರನ್ನೂ ಕೇಳದೆ, ಯಾರೂ ಕೇಳಿಕೊಳ್ಳದೆ, ನಾನು ಹೋರಾಟಕ್ಕೆ ಇಳಿದೆ. ಪತ್ರಿಕೆಯ ಕಚೇರಿಗೆ ನನ್ನ ವಿಳಾಸ, ಫೋನ್ ನಂಬರಿನ ಸಮೇತ ಒಂದು ಖಡಕ್ ದೂರು ಬರೆದು, ಅನುವಾದದ ಆ್ಯಪಿನಲ್ಲಿ ಜಪಾನೀಸ್ ಮಾಡಿಸಿ ಕಳಿಸಿದೆ. ನಂತರ ಸೂತ್ರದ ಪ್ರಕಾರ ಅದನ್ನೇ ಟೋಕಿಯೊ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿ, "ಅನ್ಯಾಯ ನಡೀತಿದೆ! ದಯವಿಟ್ಟು ಕಾಪಿ ಮಾಡಿ, ನಿಮ್ಮ ಹೆಸರು ಹಾಕಿ, ಇವತ್ತೇ ಕಳಿಸಿ" ಎಂದು ಕರೆ ಕೊಟ್ಟೆ.

ಕನ್ನಡಿಗರು ಕೈಬಿಡಲಿಲ್ಲ. ವಾಕೋದಲ್ಲಿ ವಿಜ್ಞಾನಿಯಾಗಿರುವ ಗಿರೀಶ್ ಫೋನನ್ನೇ ಮಾಡಿದರು. "ಸಾರ್, ರಗ್ಬಿ ಅಂದ್ರೆ ನಮ್ಮ ಕಬಡ್ಡಿ ಥರಾನಾ?"

"ಹಾಗೇ ಅಂದ್ಕೊಳ್ಳಿ."

"ಹಾಗಾದ್ರೆ ಬಿಡಿ ಸಾರ್, ಲ್ಯಾಬಿನಲ್ಲಿರೋ ಎಲ್ರ ಕೈಲೂ ಕಳಿಸ್ತೀನಿ!"

ಮತ್ತೊಬ್ಬರು ತಾವೂ ಕಳಿಸಿ, ಒಸಾಕಾದಲ್ಲಿರುವ ತಂಗಿಯಿಂದಲೂ ಕಳಿಸಿದರು. ಒಬ್ಬರು ಸಂದೇಶ ಓದದೆಯೇ ನನಗೆ ಹುಟ್ಟುಹಬ್ಬದ ಶುಭಾಶಯ ಕೋರಿ ಕೇಕಿನ ಚಿತ್ರ ಹಾಕಿದರು. ಒಟ್ಟಿನಲ್ಲಿ ಒಂದೇ ಒಕ್ಕಣೆಯ ದೂರುಗಳು ಧಾರಾಕಾರವಾಗಿ ಹೋದವು. ಯಾರೋ ಒಬ್ಬರು ಕುರ್ಚಿಯಲ್ಲಿ ಮಿಸುಕಾಡಬಹುದು ಎಂದುಕೊಂಡು ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಈ ದೇಶದಲ್ಲಿ ದೂರನ್ನು ಓದುತ್ತಾರೆ. ಅಷ್ಟೇ ಅಲ್ಲ, ನಂಬುತ್ತಾರೆ! ಇದು ನನಗೆ ಹೊಳೆದಿರಲಿಲ್ಲ.

ಮರುದಿನವೇ ಫೋನು ಬಂತು. ಮಾತಾಡಿದವಳು ಸುಮಾ. ಫೋನು ಹಿಡಿದುಕೊಂಡೇ ಗೋಡೆಗೆ ನಮಸ್ಕಾರ ಮಾಡುವಂತೆ ಬಗ್ಗಿ ಬಗ್ಗಿ ಏಳುತ್ತಿದ್ದಳು. ಇಟ್ಟ ಮೇಲೆ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ಸಂಪಾದಕರು ಬರ್ತಾರಂತೆ. ಕ್ಷಮೆ ಕೇಳೋಕೆ."

"ಎಲ್ಲಿಗೆ?"

"ನಮ್ಮನೆಗೆ ರೀ! ಮೊದ್ಲು ಆ ಒಣಗಾಕಿರೋ ಬನಿಯನ್ ತೆಗೀರಿ!"

ಶನಿವಾರ ಕಪ್ಪು ಸೂಟಿನ ಇಬ್ಬರು ಬಂದರು. ಒಬ್ಬರು ಸಂಪಾದಕರು, ಇನ್ನೊಬ್ಬರು ಸಿಹಿತಿಂಡಿಯ ಡಬ್ಬ ಹಿಡಿದವರು. ಬಾಗಿಲಲ್ಲೇ ಸೊಂಟ ಮಡಿಸಿ ಬಗ್ಗಿದರು. ಬೆಂಗಳೂರಿನಲ್ಲಿ ನನ್ನ ದೂರಿಗೆ ಒಬ್ಬರು ತಲೆಯೆತ್ತಿಯೂ ನೋಡಿದ್ದಿಲ್ಲ. ಇಲ್ಲಿ ತಲೆ ತಗ್ಗಿಸಿ ನಿಂತಿದ್ದಾರೆ! ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸುಮಾ ಫಿಲ್ಟರ್ ಕಾಫಿ, ಕೊಡುಬಳೆ ಕೊಟ್ಟಳು. ಸಂಪಾದಕರು ಕೊಡುಬಳೆ ಕಡಿದ ಸದ್ದಿಗೆ ಅವರೇ ಬೆಚ್ಚಿದರು. ಆದರೆ ಅದನ್ನೂ ಶಿಕ್ಷೆಯ ಭಾಗವೆಂದು ತಿಳಿದರೋ ಏನೋ, ಪೂರ್ತಿ ತಿಂದರು.

"ಹೆರಾನ್ಸ್ ಬಗ್ಗೆ ಅಂಥ ಬರಹ ನಮ್ಮ ಪತ್ರಿಕೆಯಲ್ಲಿ ಇನ್ನು ಬರುವುದಿಲ್ಲ," ಎಂದು ಸಂಪಾದಕರು ಮಾತು ಕೊಟ್ಟರು. ಹೊರಡುವಾಗ ತುಸು ಅಳುಕುತ್ತ ಕೇಳಿದರು. "ದೂರು ಕೊಟ್ಟ ಇಷ್ಟೊಂದು ಭಾರತೀಯರು, ಎಲ್ಲರೂ ಹೆರಾನ್ಸ್ ಅಭಿಮಾನಿಗಳೇ?"

ಗೆದ್ದ ಅಮಲಿನಲ್ಲಿ ಎದೆಯುಬ್ಬಿಸಿ ಹೇಳಿದೆ. "ಎಲ್ಲರೂ! ಒಬ್ಬೊಬ್ಬರೂ ಪ್ರಾಣ ಬಿಡ್ತಾರೆ!"

ಅವರು ಗಂಭೀರವಾಗಿ ತಲೆಯಾಡಿಸಿ, ಈ ಸಂತೋಷದ ಸಂಗತಿಯನ್ನು ಹೆರಾನ್ಸ್ ಕ್ಲಬ್ಬಿಗೂ ತಿಳಿಸುವುದಾಗಿ ಹೇಳಿ ಹೋದರು. ಸುಮಾ ಹಣೆ ಚಚ್ಚಿಕೊಂಡಳು.

ಮುಂದಿನ ಸಂಚಿಕೆ ಬಂದ ಬೆಳಿಗ್ಗೆ ಸ್ಟೇಷನ್ನಿಗೆ ಓಡಿದೆ. ನಮ್ಮ ಮೂಲೆಯಲ್ಲಿ ಗೋಲ್ಡ್‌ಫಿಶ್ ಸಾಕುವುದು ಹೇಗೆ ಎಂಬ ಲೇಖನವಿತ್ತು. ಹೆರಾನ್ಸ್ ಇರಲಿಲ್ಲ. ಇನ್ನೊಮ್ಮೆ ಮಡಚಿ, ಬಿಡಿಸಿ ನೋಡಿದೆ. ಆಗಲೂ ಇರಲಿಲ್ಲ. ಅಂಥ ಬರಹ ಬರುವುದಿಲ್ಲ ಎಂದರೆ ಯಾವ ಬರಹವೂ ಬರುವುದಿಲ್ಲ ಎಂದು ಆಗ ಅರ್ಥವಾಯಿತು. ಹಾಸೆಗಾವಾನನ್ನು ಒಳಪುಟದ ಗಾಳ ಹಾಕುವವರ ಅಂಕಣಕ್ಕೆ ತಳ್ಳಿದ್ದರು. ಅಲ್ಲಿ ಆತ ಬರೆದಿದ್ದ: "ಇಂದು ಮೀನು ಸಿಗಲಿಲ್ಲ. ಮೀನುಗಳಿಗೂ ಅವುಗಳದ್ದೇ ಕಾರಣಗಳಿರಬಹುದು." ಪಾಪ, ಮೀನಿನ ಮೇಲೂ ಒಂದು ಕೊಂಕು ಮಾತಾಡುವ ಧೈರ್ಯ ಅವನಿಗೆ ಉಳಿದಿರಲಿಲ್ಲ.

ಭಾನುವಾರ ಮೊರಿತಾ ಸಾನ್ ಎಂದಿನಂತೆ ಎದ್ದು ನಿಂತು ಪತ್ರಿಕೆ ಬಿಡಿಸಿದರು. ನೋಡಿದರು. ಮಡಚಿ ಜೇಬಿಗಿಟ್ಟು ಕುಳಿತರು. ನಾನು ಎಲ್ಲವನ್ನೂ ಹೆಮ್ಮೆಯಿಂದಲೇ ಶುರುಮಾಡಿ, ಮುಗಿಸುವಷ್ಟರಲ್ಲಿ ಪೆಚ್ಚಾಗಿ ಹೇಳಿದೆ.

"ನಮಗೋಸ್ಕರ ತುಂಬ ಶ್ರಮ ತಗೊಂಡಿರಿ," ಎಂದರು ಅವರು, ಮೈದಾನವನ್ನೇ ನೋಡುತ್ತ.

"ಥ್ಯಾಂಕ್ಸ್ ಹೇಳಿದ್ರಲ್ಲ," ಎಂದೆ ಸುಮಾಗೆ.

"ಅದು ಥ್ಯಾಂಕ್ಸ್ ಅಲ್ಲ ರೀ," ಎಂದಳು. "ಬೈಯೋಕಾದ್ರೂ ಆ ಮನುಷ್ಯ ವಾರ ವಾರ ಬಂದು ಪೂರ್ತಿ ಆಟ ನೋಡ್ತಿದ್ದ. ಈ ಊರಲ್ಲಿ ಇವ್ರನ್ನ ಇನ್ಯಾರು ನೋಡ್ತಿದ್ರು?"

ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಆವತ್ತಿನಿಂದ ನಮ್ಮ ಸಾಲಿನಲ್ಲಿ ಯಾರೂ ಬೇಗ ಬರುವುದಿಲ್ಲ. ಬಂದು ಮಾಡುವುದೇನು? ಹಲ್ಲು ಕಡಿಯಲು ಏನೂ ಇಲ್ಲ. ನಾನು ಪತ್ರಿಕೆಗೆ ಫೋನು ಮಾಡಿ, ದಯವಿಟ್ಟು ಮತ್ತೆ ಬರೆಯಿರಿ, ಬೇಕಾದರೆ ಬೈದೇ ಬರೆಯಿರಿ ಎಂದು ಅಂಗಲಾಚಿದೆ. ಅವರು ಅದನ್ನು ಹೊಸ ದೂರೆಂದು ದಾಖಲಿಸಿಕೊಂಡು, ಇನ್ನೊಂದು ಡಬ್ಬ ಸಿಹಿತಿಂಡಿ ಕಳಿಸಿದರು!

ಋತುವಿನ ಕೊನೆಯ ಪಂದ್ಯದ ದಿನ ಮೈದಾನಕ್ಕೆ ಹೋದರೆ, ನದಿಯ ದಂಡೆಯ ಇಳಿಜಾರಿನಲ್ಲಿ ಮೊರಿತಾ ಸಾನ್ ಹಗ್ಗ ಕಟ್ಟುತ್ತಿದ್ದರು. ಹಗ್ಗದೊಳಗೆ ಸಾಲುಸಾಲಾಗಿ ನೀಲಿ ಚಾಪೆ. ಮುಂದೆ ಒಂದು ಫಲಕ: "ಭಾರತೀಯ ಅಭಿಮಾನಿಗಳಿಗೆ ಸ್ವಾಗತ." ಸಂಪಾದಕರು ಕ್ಲಬ್ಬಿಗೆ ತಿಳಿಸಿಯೇ ಬಿಟ್ಟಿದ್ದರು.

"ಹುಡುಗರಿಗೆ ತುಂಬಾ ಖುಷಿ," ಎಂದರು ಮೊರಿತಾ ಸಾನ್. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

ನಾನು ಮರದ ಹಿಂದೆ ಹೋಗಿ ಫೋನು ತೆಗೆದೆ. "ಗಿರೀಶ್, ಲ್ಯಾಬಿನೋರನ್ನೆಲ್ಲ ಕರ್ಕೊಂಡು ಈಗಿಂದೀಗ್ಲೇ ಬನ್ನಿ!"

"ಅಯ್ಯೋ ಸಾರ್, ನಾನು ಬರೀ ಫಾರ್ವರ್ಡ್ ಮಾಡಿದ್ದು!"

ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಒಬ್ಬರ ಮಗಳಿಗೆ ಈಜಿನ ಕ್ಲಾಸು. ಕೇಕು ಕಳಿಸಿದವರು ಹುಟ್ಟುಹಬ್ಬ ಹೇಗಾಯಿತು ಎಂದು ಕೇಳಿದರು. ಕೊನೆಗೆ ಆ ಹಗ್ಗದೊಳಗೆ ಕುಳಿತವರು ನಾನು ಮತ್ತು ಸುಮಾ. ಜಾಗ ತುಂಬಿದಂತೆ ಕಾಣಲಿ ಎಂದು ಇಬ್ಬರೂ ಸ್ವಲ್ಪ ದೂರ ದೂರ ಕುಳಿತೆವು.

ಆ ದಿನ ಹೆರಾನ್ಸ್ ಗೆದ್ದರು!

ಹೌದು, ಗೆದ್ದರು. ಕೊನೆಯ ಕ್ಷಣದಲ್ಲಿ ನಮ್ಮ ದಂತವೈದ್ಯರು ಚೆಂಡನ್ನು ಎದೆಗೆ ಅವುಚಿಕೊಂಡು ಗೆರೆ ದಾಟಿ ಬಿದ್ದರು. ಚೆಂಡು ಜಾರಲಿಲ್ಲ. ಮೊರಿತಾ ಸಾನ್ ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತರು. ಕೆಸರು ಮೆತ್ತಿದ ಹದಿಮೂರೂ ಜನ ಓಡಿ ಬಂದು ನಮ್ಮ ಹಗ್ಗದ ಮುಂದೆ ಸಾಲಾಗಿ ನಿಂತು, ಖಾಲಿ ಚಾಪೆಗಳಿಗೆ ತಲೆಬಾಗಿ ವಂದಿಸಿದರು.

"ಎದ್ ನಿಂತ್ಕೊಳ್ರಿ," ಎಂದಳು ಸುಮಾ ಮೆಲ್ಲಗೆ. "ಬರ್ದೇ ಇರೋರ ಪಾಲಿನ ಚಪ್ಪಾಳೆನೂ ನೀವೇ ತಟ್ಟಿ."

ತಟ್ಟಿದೆ. ನಾಚಿಕೆಯಿಂದ ಕೈ ಉರಿಯುವ ತನಕ ತಟ್ಟಿದೆ.

ಆಟಗಾರರು ಅತ್ತ ಹೋದ ಮೇಲೆ ದಂಡೆಯಿಂದ ತೆಳ್ಳಗಿನ ಮನುಷ್ಯರೊಬ್ಬರು ಇಳಿದು ಬಂದರು. ಅವರನ್ನು ನೋಡಿ ಮೊರಿತಾ ಸಾನ್ ತಟ್ಟನೆ ಎದ್ದರು. "ಹಾಸೆಗಾವಾ ಸಾನ್! ನೋಡಿದಿರಾ?"

"ನೋಡಿದೆ. ಇವತ್ತು ರಜೆ. ಸುಮ್ಮನೆ ಬಂದೆ."

"ಬರೀತೀರಾ?"

ಅವರು ನೆಲ ನೋಡಿದರು. "ನನಗೀಗ ಮೀನು ಕೊಟ್ಟಿದ್ದಾರೆ."

ಮೊರಿತಾ ಸಾನ್ ತಲೆಯಾಡಿಸಿದರು. ವರ್ಷಗಟ್ಟಲೆ ಒಬ್ಬರು ಓದಲು ಕಾದಿದ್ದ ವಾಕ್ಯವನ್ನು ಬರೆಯಬಲ್ಲ ಮನುಷ್ಯ ಎದುರಿಗೇ ನಿಂತಿದ್ದರು, ಮತ್ತು ಅದು ಎಲ್ಲೂ ಅಚ್ಚಾಗದಂತೆ ನೋಡಿಕೊಂಡ ಮಹಾನುಭಾವ ನಾನು ಪಕ್ಕದಲ್ಲಿದ್ದೆ. ನದಿಗೆ ಹಾರಿಬಿಡೋಣ ಅನ್ನಿಸಿತು. ಮೊಣಕಾಲುದ್ದ ನೀರಿತ್ತು.

ಹಾಸೆಗಾವಾ ಸಾನ್ ನನ್ನ ಕಡೆ ತಿರುಗಿದರು. "ನನ್ನ ಮೂಲೆಯನ್ನು ಯಾರೂ ಓದುವುದಿಲ್ಲ ಅಂದುಕೊಂಡಿದ್ದೆ. ಒಂದೇ ದಿನ ಅಷ್ಟೊಂದು ದೂರು ಬಂದಾಗ ಬೇಜಾರಾಯಿತು, ನಿಜ. ಆದರೆ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ನೋಡು, ನನಗೂ ಇಷ್ಟು ಜನ ಓದುಗರಿದ್ದಾರೆ ಅಂತ." ಖಾಲಿ ಚಾಪೆಗಳತ್ತ ಆಸೆಯಿಂದ ನೋಡಿದರು. "ಅವರನ್ನೆಲ್ಲ ಒಮ್ಮೆ ಮಾತಾಡಿಸಬೇಕಿತ್ತು. ಬರಲಿಲ್ಲವೇ?"

ನಿಜ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೆಂಗಳೂರಿನ ಮಾತು.

"ಬರ್ತಿದ್ದಾರೆ. ರೈಲು ಲೇಟು."

ಸುಮಾ ಕಣ್ಣು ಮುಚ್ಚಿಕೊಂಡಳು. ಜಪಾನಿನಲ್ಲಿ ರೈಲು ಲೇಟು ಎಂದದ್ದೇ ತಡ, ಹಾಸೆಗಾವಾ ಸಾನ್ ಗಾಬರಿಯಿಂದ ಫೋನು ತೆಗೆದು ಬೆರಳಾಡಿಸಿದರು. ಒಂದೊಂದಾಗಿ ಎಲ್ಲ ಲೈನುಗಳನ್ನೂ ನೋಡಿದರು. ಎಲ್ಲವೂ ಸರಿಯಾದ ಸಮಯಕ್ಕೆ ಓಡುತ್ತಿದ್ದವು. ಅವರು ನನ್ನ ಮುಖ ನೋಡಿದರು, ಚಾಪೆಗಳನ್ನು ನೋಡಿದರು, ನಿಧಾನವಾಗಿ ಫೋನನ್ನು ಜೇಬಿಗಿಳಿಸಿದರು.

"ಸುಮಿಮಾಸೆನ್," ಎಂದು ನನಗೇ ತಲೆಬಾಗಿ ಕ್ಷಮೆ ಕೇಳಿದರು. "ನನ್ನ ಫೋನು ಹಳೆಯದು. ಸರಿಯಾಗಿ ತೋರಿಸುವುದಿಲ್ಲ."

ಫೋನು ಹೊಸದೇ ಆಗಿತ್ತು. ನಾನು ಬಗ್ಗಿ ಚಾಪೆಗಳನ್ನು ಮಡಿಸತೊಡಗಿದೆ. ಹೆರಾನ್ಸ್‌ಗಾಗಿ ನಾನು ಕೆಡಿಸದೆ ಮಾಡಿದ ಕೆಲಸ ಅದೊಂದೇ ಎಂದು ಸುಮಾ ಈಗಲೂ ಹೇಳುತ್ತಾಳೆ.