ತಡೆದಿಟ್ಟ ರಾಜೀನಾಮೆ

ಬೆಳಿಗ್ಗೆ ಎಂಟಕ್ಕೆ ಕನ್ನಡಕದವರು ಒಂದು ಮೇಲ್ ಕಳಿಸಿದರು. ಒಂದೇ ನಿಮಿಷದಲ್ಲಿ ಉತ್ತರ ಬಂತು: "ನಿಮ್ಮ ಪತ್ರವನ್ನು ಮಾಡರೇಟರ್ ಒಪ್ಪಿಗೆಗಾಗಿ ತಡೆಹಿಡಿಯಲಾಗಿದೆ."

ಆ ಮಾಡರೇಟರ್ ಬೇರೆ ಯಾರಾದರೂ ಆಗಿದ್ದಿದ್ದರೆ ಇದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಅರವತ್ತು ಮನೆಗಳ ಆ ಕಟ್ಟಡದ ಮೇಲಿಂಗ್ ಲಿಸ್ಟಿಗೆ ನಾಲ್ಕು ವರ್ಷದಿಂದ ಕನ್ನಡಕದವರೊಬ್ಬರೇ ಮಾಡರೇಟರು. ಮೂಲೆಯ ಅಂಗಡಿಯಲ್ಲಿ ಕನ್ನಡಕ ಮಾರುವುದು ಹೊಟ್ಟೆಪಾಡು, ಇದು ಕರ್ಮ. ಪಾರ್ಕಿಂಗ್ ಜಗಳವೋ, ಕಳೆದುಹೋದ ಬೆಕ್ಕೋ, ಯಾರು ಏನು ಬರೆದರೂ ಮೊದಲು ಅವರ ಮುಂದೆ ಬಂದು ನಿಲ್ಲುತ್ತಿತ್ತು. ಬೈಗುಳ ಇಲ್ಲದಿದ್ದರೆ 'ಬಿಡು' ಎಂಬ ಗುಂಡಿ ಒತ್ತಬೇಕು, ಆಗ ಎಲ್ಲರಿಗೂ ತಲುಪುತ್ತದೆ. ಇಷ್ಟು ವರ್ಷ ಊರವರ ಪತ್ರ ಬಿಟ್ಟ ಪುಣ್ಯಾತ್ಮರು ತಮ್ಮದೊಂದನ್ನೂ ಬರೆದಿರಲಿಲ್ಲ. ಈಗ ಬರೆದ ಮೊದಲ ಪತ್ರವೇ ರಾಜೀನಾಮೆ.

ಅದಕ್ಕೆ ಕಾರಣ ಹೆಂಡತಿ. ಕಳೆದ ಸಲ ಸಮುದ್ರ ನೋಡಲು ಹೋದಾಗ ಇವರು ಮೂರು ದಿನವೂ ಹೋಟೆಲಿನ ಬಚ್ಚಲಲ್ಲಿ ಕೂತು ನೀರಿನ ಟ್ಯಾಂಕಿನ ಜಗಳ ಓದಿದ್ದರು. ಈ ಸಲ ಮತ್ತೆ ಸಮುದ್ರ, ಸಂಜೆ ನಾಲ್ಕರ ಬಸ್ಸು.

"ಆ ಕೆಲ್ಸ ಬಿಟ್ಟು ಬರೋದಾದ್ರೆ ಬನ್ನಿ. ಜೊತೆಗೆ ಕಟ್ಕೊಂಡು ಬರೋದಾದ್ರೆ ಇಲ್ಲೇ ಇರಿ. ಆಮೇಲೆ ನಾನು ಯಾವಾಗ ವಾಪಸ್ ಬರ್ತೀನಿ ಅಂತ ಕೇಳ್ಬೇಡಿ," ಎಂದಿದ್ದಳು ಆಕೆ. ದನಿ ಏರಿಸದೆ ಹೇಳಿದ್ದರಿಂದಲೇ ಅವರಿಗೆ ಭಯವಾಗಿತ್ತು.

ಕನ್ನಡಕದವರು ಲ್ಯಾಪ್‌ಟಾಪಿನಲ್ಲಿ ಮಾಡರೇಟರ್ ಪುಟ ತೆರೆದರು. 'ತಡೆದಿಟ್ಟ ಪತ್ರಗಳು: ಸೊನ್ನೆ.' ಹಾಗಾದರೆ ತಮ್ಮ ಪತ್ರ ಯಾರ ಬಳಿ ಇದೆ ಎಂದು ಯೋಚಿಸುವಷ್ಟರಲ್ಲಿ ಇನ್ನೊಂದು ಮೇಲ್ ಬಂತು: "ತಿರಸ್ಕರಿಸಲಾಗಿದೆ. ಕಾರಣ: ಮೂರನೇ ಸಾಲಿನಲ್ಲಿ ವಿನಯ ಕಡಿಮೆ."

ಹೀಗೆ ಬರೆಯುತ್ತಿದ್ದವರು ಭೂಮಿಯ ಮೇಲೆ ಒಬ್ಬರೇ, ಐದನೇ ಮಹಡಿಯ ರಿಜಿಸ್ಟ್ರಾರ್ ತಾತ. ಈ ಲಿಸ್ಟನ್ನೂ ಅದರ ನಿಯಮಗಳನ್ನೂ ಮಾಡಿದ ಮೊದಲ ಮಾಡರೇಟರು. ನಾಲ್ಕು ವರ್ಷದ ಹಿಂದೆ ಕಂಪ್ಯೂಟರ್ ಮುಂದೆ, ಮೌಸಿನ ಮೇಲೆ ಕೈಯಿಟ್ಟುಕೊಂಡೇ ತೀರಿಹೋಗಿದ್ದರು.

ಕನ್ನಡಕದವರು ಕಟ್ಟಡದ ಸಂಘದ ಕಾರ್ಯದರ್ಶಿಯನ್ನು ಮನೆಗೆ ಕರೆಸಿದರು.

"ಯಾರೋ ಚೇಷ್ಟೆ ಮಾಡ್ತಿದ್ದಾರೆ, ಬಿಡಿ ಸಾರ್," ಎಂದರು ಕಾರ್ಯದರ್ಶಿ.

"ನೀವೇ ನನ್ನನ್ನ ಬಿಡಿಸಿಬಿಡಿ. ಕಾಗದದ ಮೇಲೆ ಬರೆದು ಕೊಡ್ತೀನಿ."

"ಆಗಲ್ಲ. ರಾಜೀನಾಮೆ ಲಿಸ್ಟಿನಲ್ಲೇ ಎಲ್ಲರಿಗೂ ತಲುಪಬೇಕು, ಆಮೇಲೇ ಹೊಸ ಮಾಡರೇಟರು. ತಾತನ ನಿಯಮ. ನಿಮ್ಮ ಪತ್ರಾನ ನೀವೇ ಬಿಡೋಕೂ ಲಿಸ್ಟು ಒಪ್ಪಲ್ಲ, ಹಾಗೆ ಮಾಡಿಟ್ಟು ಹೋಗಿದ್ದಾರೆ. ಇಲ್ಲಾಂದ್ರೆ ತಾತ ಜಾಗ ಖಾಲಿ ಮಾಡಿದ್ರಲ್ಲ, ಆ ದಾರಿ ಒಂದಿದೆ."

ಕನ್ನಡಕದವರಿಗೆ ಆ ದಾರಿ ಹಿಡಿಸಲಿಲ್ಲ. ಮೂರನೇ ಸಾಲಿಗೆ ಎರಡು 'ದಯವಿಟ್ಟು' ಸೇರಿಸಿ ಮತ್ತೆ ಕಳಿಸಿದರು. "ಕಾರಣ: ವಿನಯ ಹೆಚ್ಚಾಯಿತು." ಒಂದನ್ನು ತೆಗೆದು ಕಳಿಸಿದರು. "ಕಾರಣ: ಪಟ್ಟೆ ಪಟ್ಟೆ ಅಂಗಿ ತೊಟ್ಟು ರಾಜೀನಾಮೆ ಬರೆಯುವುದು ಶೋಭೆಯಲ್ಲ."

ಇಬ್ಬರೂ ನಿಧಾನವಾಗಿ ಅಂಗಿಯ ಕಡೆ ನೋಡಿದರು. ಪಟ್ಟೆ ಪಟ್ಟೆಯದೇ. ಕನ್ನಡಕದವರು ಕಿಟಕಿಯ ಪರದೆ ಎಳೆದು, ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಗಾಯದ ಪಟ್ಟಿ ಅಂಟಿಸಿ, ಬಿಳಿ ಅಂಗಿ ತೊಟ್ಟು ಬಂದು ಕಳಿಸಿದರು.

"ಬಿಳಿ ವಾಸಿ. ಆದರೆ ಎರಡನೇ ಗುಂಡಿ."

ಅಂಗಿಯ ಎರಡನೇ ಗುಂಡಿ ಬಿಚ್ಚಿಕೊಂಡಿತ್ತು. ಅವರು ಅದನ್ನು ಹಾಕಿಕೊಂಡು, ಕಾಲರನ್ನೂ ಸರಿಮಾಡಿಕೊಂಡರು.

ಅಷ್ಟರಲ್ಲಿ ಸುದ್ದಿ ಮೂಸಿಕೊಂಡು ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಬಂದರು. "ಇದು ವೈರಸ್ ರೀ. ಬೇರಿನಿಂದ ಕೀಳಬೇಕು," ಎಂದವರೇ ಗೋಡೆಯಲ್ಲಿದ್ದ ಇಂಟರ್‌ನೆಟ್ ವೈರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ವೈರು ಅವರ ಕೈಯಲ್ಲಿರುವಾಗಲೇ ಲ್ಯಾಪ್‌ಟಾಪ್ ಟಿಣ್ ಎಂದಿತು: "ವೈದ್ಯರು ಕೈ ತೊಳೆದು ಮುಟ್ಟಲಿ." ಡಾಕ್ಟರು ವೈರನ್ನು ಮೆಲ್ಲಗೆ ನೆಲಕ್ಕಿಟ್ಟು, ಚಪ್ಪಲಿಯನ್ನೂ ಮರೆತು ಮೆಟ್ಟಿಲಿಳಿದರು.

ಮಧ್ಯಾಹ್ನ ಎರಡಕ್ಕೆ ಕಾರ್ಯದರ್ಶಿಯೂ ಕನ್ನಡಕದವರೂ ತಾತನ ಮನೆಯ ಬೀಗ ತೆಗೆಸಿದರು. ಒಳಗೆ ಒಂದು ಮೇಜು, ಒಂದು ಕುರ್ಚಿ. ಕಂಪ್ಯೂಟರು ಎಂದೋ ಗುಜರಿಗೆ ಹೋಗಿತ್ತು. ಎಲ್ಲದರ ಮೇಲೂ ಬೆರಳು ದಪ್ಪದ ದೂಳು. ಕುರ್ಚಿಯ ಮೇಲೆ ಮಾತ್ರ ಇರಲಿಲ್ಲ. ಕಾರ್ಯದರ್ಶಿ ಅದರ ಮೇಲೆ ಕೈಯಿಟ್ಟು, ಥಟ್ಟನೆ ತೆಗೆದರು.

"ಬೆಚ್ಚಗಿದೆ," ಎಂದರು. ಕೈಯನ್ನು ಅಂಗಿಗೆ ಒರೆಸಿಕೊಂಡು, "ನನಗೊಂದು ಮೀಟಿಂಗ್ ಇದೆ ಸಾರ್," ಎಂದು ಹೊರಟೇ ಹೋದರು.

ಕನ್ನಡಕದವರ ಜೇಬಿನಲ್ಲಿ ಫೋನು ನಡುಗಿತು. "ಕಾರಣ: ಸರದಿ ತಪ್ಪಿದೆ. ನನ್ನದು ಮೊದಲು."

ಅವರು ಓಡೋಡಿ ಮನೆಗೆ ಬಂದು ಮಾಡರೇಟರ್ ಪುಟವನ್ನು ತಳದವರೆಗೂ ಜಾರಿಸಿದರು. ತಳದಲ್ಲಿ ಅವರು ಒಮ್ಮೆಯೂ ಒತ್ತದಿದ್ದ 'ಹಳೆಯವು' ಎಂಬ ಪುಟ್ಟ ಪದವಿತ್ತು. ಒಳಗೆ ಒಂದೇ ಪತ್ರ. ತಾತ ತೀರಿಕೊಂಡ ದಿನದ್ದು.

"ನನಗೆ ಸಾಕಾಗಿದೆ. ನನ್ನ ರಾಜೀನಾಮೆ ಒಪ್ಪಿಕೊಂಡು, ದಯವಿಟ್ಟು ನನ್ನನ್ನು ಬಿಡಿ."

ಪಾಪ, ತಾತ ತಮ್ಮ ನಿಯಮದಲ್ಲಿ ತಾವೇ ಸಿಕ್ಕಿಕೊಂಡು, ಬಿಡುವವರಿಲ್ಲದೆ ನಾಲ್ಕು ವರ್ಷ ಕೂತಿದ್ದಾರೆ. ಭಯದ ನಡುವೆಯೂ ಕನ್ನಡಕದವರ ಕಣ್ಣು ತೇವವಾಯಿತು. ಅವರು 'ಬಿಡು' ಒತ್ತಿದರು.

ಎಲ್ಲೋ ಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದು ಬಂದವು, ಅವರ ಬಾಗಿಲನ್ನು ದಾಟಿದವು, ಬೀದಿಗಿಳಿದು ನಿಂತುಹೋದವು. ಕೊನೆಯ ಮೇಲ್ ಬಂತು: "ಉಪಕಾರವಾಯಿತು. ನಿಮ್ಮ ಪತ್ರದಲ್ಲಿ ಈಗ ತಪ್ಪೇನೂ ಇಲ್ಲ. ಮತ್ತೆ ಕಳಿಸಿ."

ಗಂಟೆ ಮೂರೂ ಇಪ್ಪತ್ತು. ಕನ್ನಡಕದವರು ನಗುತ್ತ ಕಳಿಸಿದರು. "ನಿಮ್ಮ ಪತ್ರವನ್ನು ತಡೆಹಿಡಿಯಲಾಗಿದೆ." ಈ ಸಲ ಅದು ಅವರ ಮುಂದೆಯೇ ಬಂದು ನಿಂತಿತು. 'ಬಿಡು' ಒತ್ತಿದರು.

"ನಿಮ್ಮ ಪತ್ರವನ್ನು ನೀವೇ ಬಿಡುವಂತಿಲ್ಲ. ಇನ್ನೊಬ್ಬ ಮಾಡರೇಟರನ್ನು ಕೇಳಿ."

ಇನ್ನೊಬ್ಬ ಮಾಡರೇಟರನ್ನು ಈಗಷ್ಟೇ ಕೈಯಾರೆ ಬಿಟ್ಟು ಕಳಿಸಿದ್ದರು. ಅವರು ಮೆಟ್ಟಿಲಿಗೆ ಓಡಿ, "ತಾತಾ, ಒಂದು ನಿಮಿಷ," ಎಂದು ಕೂಗಿದರು.

ಹೆಂಡತಿ ಬ್ಯಾಗು ಹಿಡಿದು ಬಾಗಿಲಿಗೆ ಬಂದಳು. "ಯಾರನ್ನ ಕರೀತಿದ್ದೀರಿ? ಮುಗೀತಾ?"

ಅವರು ಬಾಯಿ ತೆರೆಯುವ ಮೊದಲೇ ಲ್ಯಾಪ್‌ಟಾಪ್ ಟಿಣ್ ಎಂದಿತು, ಮತ್ತೆ ಟಿಣ್, ಆಮೇಲೆ ಬಿಡುವೇ ಇಲ್ಲ. ಸತ್ತ ತಾತನ ಪತ್ರ ಎಲ್ಲರಿಗೂ ತಲುಪಿ, ಅದನ್ನು ಕಳಿಸಿದ್ದು ಯಾರೆಂದು ಇಡೀ ಕಟ್ಟಡವೇ ಬರೆಯತೊಡಗಿತ್ತು. 'ತಡೆದಿಟ್ಟ ಪತ್ರಗಳು: ಐವತ್ತೆಂಟು.' ಹೆಂಡತಿ ಅದನ್ನು ಓದಿದಳು, ಬ್ಯಾಗೆತ್ತಿಕೊಂಡು ಇಳಿದಳು. ಬಸ್ಸು ಅವಳೊಬ್ಬಳನ್ನೇ ಹತ್ತಿಸಿಕೊಂಡು ಹೋಯಿತು.

ಕನ್ನಡಕದವರು ಕುರ್ಚಿ ಎಳೆದುಕೊಂಡು ಕೂತರು. ನೆರೆಮನೆಗಳಿಂದ ಬಂದ ಪತ್ರಗಳಲ್ಲಿ ಮೊದಲನೆಯದನ್ನು ತೆರೆದು ಓದಿದರು. ಮೂರನೇ ಸಾಲಿನಲ್ಲಿ ವಿನಯ ಕಡಿಮೆ ಇತ್ತು.