ಟ್ಯಾಂಕೂ ತುಂಬಿತು, ಫೋನೂ ತುಂಬಿತ್ತು

ಇನ್ನು ಮುಂದೆ ನಮ್ಮ ಕಾರು ನಗದು ಕೊಟ್ಟು ತಂದ ಇಂಧನವನ್ನು ಕುಡಿಯತಕ್ಕದ್ದಲ್ಲವೆಂದು ನಾನು ಒಂದು ಸೋಮವಾರ ಬೆಳಿಗ್ಗೆ, ಊಟದ ಮೇಜಿನ ಬಳಿ ಎದ್ದು ನಿಂತು ಘೋಷಿಸಿದೆ. ಹಿರಿಯರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ, ಧ್ವನಿಮುದ್ರಿಸಿ, ಕ್ರಮಸಂಖ್ಯೆ ಕೊಟ್ಟು ಕಾಪಾಡುವುದು ನನ್ನ ವೃತ್ತಿ. ವಿಧಾನ ಮತ್ತು ತಾಳ್ಮೆ ಎಂಬೆರಡು ಗುಣಗಳನ್ನು ವಿಶ್ವವಿದ್ಯಾಲಯವು ಪದವಿಯ ಜೊತೆಗೇ ನನಗೆ ದಯಪಾಲಿಸಿದೆ. ಅಂಥವನು ಪೆಟ್ರೋಲ್ ಬಂಕಿನಲ್ಲಿ ನಿಂತು ಜೇಬು ತಡಕುವುದೇ? ಛೆ!

"ಪರ್ಸು ಎಂಬುದು ಇನ್ನು ವಸ್ತುಸಂಗ್ರಹಾಲಯದ ಸ್ವತ್ತು. ಎಲ್ಲಾ ಫೋನಿನಲ್ಲೇ!" ಎಂದೆ.

"ನಾಲ್ಕು ಕಾಸು ಜೇಬಲ್ಲಿದ್ರೆ ಜೇಬೇನು ಹರಿದುಹೋಗುತ್ತಾ?" ಎಂದಳು ಹೆಂಡತಿ. ಅವಳು ಹಲ್ಲಿನ ವೈದ್ಯೆ. ಎದುರಿನವರು ಬಾಯಿ ಮುಚ್ಚಲಾಗದ ಹೊತ್ತು ನೋಡಿ ಪ್ರಶ್ನೆ ಕೇಳುವುದು ಅವಳ ವೃತ್ತಿಧರ್ಮ. ನನ್ನ ಬಾಯಲ್ಲಿ ಆಗ ಅರ್ಧ ಇಡ್ಲಿಯಿತ್ತು.

ನನ್ನ ಘೋಷಣೆಗೆ ಪರೀಕ್ಷೆ ಬಂದದ್ದು ಅದೇ ಗುರುವಾರ. ಅವಳ ರೋಗಿಗಳಲ್ಲಿ ದೋಣಿ ತಾತ ಎಂಬ ತೊಂಬತ್ತೊಂದರ ವೃದ್ಧರೊಬ್ಬರಿದ್ದರು. ಹೊಳೆಗೆ ಸೇತುವೆ ಬರುವವರೆಗೆ ಐವತ್ತು ವರ್ಷ ಜನರನ್ನು ದಾಟಿಸಿದವರು. ಈ ದಡದಿಂದ ಆ ದಡಕ್ಕೆ ಅಂಬಿಗರು ಕೂಗುತ್ತಿದ್ದ ಕರೆಗಳು ಈಗ ಅವರೊಬ್ಬರಿಗೇ ಗೊತ್ತು. ಆದರೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಕೂಗಿದರೆ ಗಾಳಿ ಬರುತ್ತದೆ, ಅಕ್ಷರ ಬರುವುದಿಲ್ಲ. ಹೆಂಡತಿ ಅವರಿಗೆ ಒಂದು ಸೆಟ್ಟು ಹಲ್ಲು ಮಾಡಿಸಿದ್ದಳು. ಅವು ತಯಾರಾಗಿ ಬಂದ ದಿನವೇ ತಾತನ ಮಗಳು ಅವರನ್ನು ದೂರದ ತನ್ನ ಊರಿಗೆ ಶಾಶ್ವತವಾಗಿ ಕರೆದೊಯ್ಯಲಿದ್ದಳು. ನಾಲ್ಕು ಗಂಟೆಗೆ ಮನೆಯೆದುರಿಗೇ ಬಸ್ಸು. ಅಷ್ಟರೊಳಗೆ ಹಲ್ಲು ತಾತನ ಬಾಯಿಗೂ, ತಾತನ ಕರೆಗಳು ನನ್ನ ಫೋನಿಗೂ ಸೇರದಿದ್ದರೆ, ಒಂದು ಹೊಳೆಯ ಮಾತೆಲ್ಲ ಬಸ್ಸು ಹತ್ತಿ ಹೋದಂತೆಯೇ!

ಎರಡು ಗಂಟೆಗೆ ಹೊರಟೆವು. ದಾರಿ ಸರಿಯಾಗಿ ಒಂದು ಗಂಟೆಯದು. ಹೆಂಡತಿ ಕ್ಲಿನಿಕ್ಕಿನಿಂದ ಹಲ್ಲಿನ ಡಬ್ಬಿ ಹಿಡಿದು ಓಡಿಬಂದಳು.

"ರೀ, ನನ್ನ ಫೋನು, ಪರ್ಸು ಎರಡೂ ಕೋಟಿನ ಜೇಬಲ್ಲೇ ಉಳೀತು. ತರ್ತೀನಿ ಇರಿ."

"ಬೇಡ! ನನ್ನ ಫೋನಿರುವಾಗ ನಿನಗೇಕೆ ಚಿಂತೆ?"

ಹತ್ತು ನಿಮಿಷದಲ್ಲಿ ಕಾರಿನ ಕೆಂಪು ದೀಪ ಕಣ್ಣು ಮಿಟುಕಿಸಿತು. ಬಂಕಿಗೆ ತಿರುಗಿಸಿದೆ. ನೀಲಿ ಅಂಗಿಯ, ಹಣೆಯ ಮೇಲೆ ಕನ್ನಡಕ ಏರಿಸಿದ್ದ ಬಂಕಿನಕ್ಕ ಪೈಪು ಹಿಡಿದು ಬಂದಳು.

"ಎಷ್ಟಕ್ಕೆ ಸಾರ್?"

"ಫುಲ್!"

"ಕ್ಯಾಶಾ, ಕಾರ್ಡಾ, ಫೋನಾ?"

"ಫೋನು!" ಎಂದೆ, ಸಾಮ್ರಾಟನೊಬ್ಬ ಮುದ್ರೆಯೊತ್ತುವ ಗತ್ತಿನಲ್ಲಿ.

ಟ್ಯಾಂಕು ತುಂಬಿತು. ಪಂಪಿನ ಬಳಿ ಫೋನು ತೆಗೆಯಬಾರದೆಂದು ಬಂಕಿನಕ್ಕ ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿ, ಕೀಲಿಯನ್ನು ತನ್ನ ಕೈಗೆ ತೆಗೆದುಕೊಂಡಳು. ನಾನು ಪಾವತಿಯ ಆ್ಯಪ್ ಒತ್ತಿದೆ. ತನ್ನನ್ನು ಹೊಸದಾಗಿಸದ ಹೊರತು ಅದು ಬಾಗಿಲು ತೆರೆಯುವುದಿಲ್ಲವಂತೆ. ಹೊಸದಾಗಲು ಫೋನಿನಲ್ಲಿ ಜಾಗವಿಲ್ಲವಂತೆ. ಹೇಗಿದ್ದೀತು? ಅಲ್ಲಿ ಮುನ್ನೂರ ಹನ್ನೊಂದು ಗಂಟೆಗಳಷ್ಟು ಹಿರಿಯರು ಒತ್ತೊತ್ತಾಗಿ ಕುಳಿತಿದ್ದರು!

"ಒಂದನ್ನ ಅಳಿಸಿಬಿಡಿ," ಎಂದಳು ಹೆಂಡತಿ.

"ಅಳಿಸುವುದೇ? ಹಿರಿಯರ ಧ್ವನಿಯನ್ನೇ? ಕಾರ್ಡಿದೆ, ಸುಮ್ಮನಿರು."

ಕಾರಿನ ಗೂಡಿನಲ್ಲಿ ಆಪತ್ಕಾಲಕ್ಕೆಂದು ಕಾರ್ಡೊಂದನ್ನು ಇಟ್ಟಿದ್ದೆ. ಅದರ ಗುಪ್ತಸಂಖ್ಯೆ ಮರೆಯದಿರಲೆಂದು, ಗಡಿಯಾರ ರಿಪೇರಿಯ ಅಜ್ಜನ ಧ್ವನಿಮುದ್ರಿಕೆಗೆ ನಾನು ಕೊಟ್ಟಿದ್ದ ಕ್ರಮಸಂಖ್ಯೆಯನ್ನೇ ಇಟ್ಟಿದ್ದೆ. ಎಂಥ ವಿಧಾನ! ಒತ್ತಿದೆ. ತಪ್ಪು. ಆಗ ಹೊಳೆಯಿತು: ಕಳೆದ ತಿಂಗಳಷ್ಟೇ ಎಲ್ಲ ಮುದ್ರಿಕೆಗಳಿಗೂ ಹೊಸ ಸಂಖ್ಯೆ ಕೊಟ್ಟಿದ್ದೆ, ಹಳೆಯ ಪಟ್ಟಿಯನ್ನು ಗೊಂದಲವಾಗದಿರಲೆಂದು ಸುಟ್ಟುಹಾಕಿದ್ದೆ. ಅಂದಾಜಿನ ಮೇಲೆ ಇನ್ನೆರಡು ಸಲ ಒತ್ತಿದೆ. ಕಾರ್ಡು ಶಾಶ್ವತ ಮೌನವ್ರತ ಹಿಡಿಯಿತು.

"ಪಾಯಿಂಟ್ಸ್ ಇದ್ಯಾ ಸಾರ್ ನಮ್ಮ ಬಂಕಿಂದು?" ಎಂದು ಬಂಕಿನಕ್ಕ ಕರುಣೆಯಿಂದ ಕೇಳಿದಳು.

ಇತ್ತು! ಆರು ವರ್ಷಗಳ ನಿಷ್ಠೆಯ ಫಲ! ಆಕೆ ನನ್ನ ಪಾಯಿಂಟ್ಸ್ ಕಾರ್ಡನ್ನು ಯಂತ್ರಕ್ಕೆ ಉಜ್ಜಿ ನೋಡಿ, "ಇದಕ್ಕೆ ಗಾಜು ಒರೆಸೋ ಬಟ್ಟೆ ಒಂದು ಬರುತ್ತೆ ಸಾರ್. ಕೊಡ್ಲಾ?" ಎಂದಳು.

"ಹಾಗಾದರೆ ತುಂಬಿದ್ದನ್ನು ವಾಪಸು ತೆಗೆದುಕೊಳ್ಳಿ!"

"ಕುಡಿದ ಹಾಲನ್ನ ಹಸುವಿಗೆ ವಾಪಸ್ ಕೊಡೋಕಾಗುತ್ತಾ ಸಾರ್?"

ಪಕ್ಕದಲ್ಲಿ ಗಾಳಿ ಹಾಕಿಸಿಕೊಳ್ಳಲು ಕಾಯುತ್ತಿದ್ದ ಲಾರಿ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಏನ್ ಸ್ವಾಮಿ, ಪೆಟ್ರೋಲ್ ಹಾಕಿಸ್ತಿದೀರಾ, ಬಾವಿ ತೋಡಿಸ್ತಿದೀರಾ?"

ಗಂಟೆ ಎರಡೂವರೆ. ಹೆಂಡತಿ ಹಲ್ಲಿನ ಡಬ್ಬಿಯನ್ನು ನನ್ನ ಮುಖದ ಮುಂದೆ ಗಿಲಕಿಯಂತೆ ಅಲ್ಲಾಡಿಸಿದಳು. "ತಾತ ಹಲ್ಲಿಲ್ದೆ ಬಸ್ ಹತ್ತಬೇಕಾ? ಅಳಿಸ್ತೀರೋ, ನಾನೇ ಅಳಿಸ್ಲೋ?"

ಸೋತೆ. ಆದರೆ ಯಾವುದನ್ನು ಅಳಿಸಬೇಕೆಂಬುದಕ್ಕೂ ಒಂದು ವಿಧಾನ ಬೇಡವೇ? ಅತ್ಯಂತ ಕಡಿಮೆ ಮಾಹಿತಿಯಿರುವ ಮುದ್ರಿಕೆಯನ್ನು ಕೇಳಿ ಆರಿಸುವುದೆಂದು ತೀರ್ಮಾನಿಸಿ, ಮೂರು ಗಂಟೆ ಉದ್ದದ ಗಡಿಯಾರದಜ್ಜನನ್ನು ಒತ್ತಿದೆ. ಕೀಲಿ ತೆಗೆದರೂ ಹಾಡುವ ಕಾರಿನ ಸ್ಪೀಕರಿಗೆ ಫೋನು ಜೋಡಣೆಯಾಗಿದ್ದುದು ನೆನಪಿರಲಿಲ್ಲ. ಇಡೀ ಬಂಕು ಕೇಳಿಸಿಕೊಂಡಿತು.

"ನಮ್ಮ ಮೇಸ್ತ್ರಿ ಒಂದಿನ ಏನ್ ಮಾಡಿದ್ರು ಅಂದ್ರೆ..." ಎಂದಿತು ಅಜ್ಜನ ದನಿ.

"ಒಂದು ನಿಮಿಷ!" ಎಂದು ಗುಡುಗಿತು ನನ್ನ ದನಿ. "ಮೇಸ್ತ್ರಿ ಎಂಬ ಪರಿಕಲ್ಪನೆಯನ್ನು ನಾವು ಮೊದಲು ಸ್ಪಷ್ಟಪಡಿಸಿಕೊಳ್ಳೋಣ..."

ಸ್ಪಷ್ಟಪಡಿಸಿದೆ. ಸ್ಪಷ್ಟಪಡಿಸುತ್ತಲೇ ಇದ್ದೆ. ಬೆವರುತ್ತ ಬೆರಳಿನಿಂದ ಒಂದು ಗಂಟೆ ಮುಂದಕ್ಕೆ ಜಾರಿಸಿದೆ. ಅಲ್ಲಿಯೂ ನಾನೇ. ಇನ್ನೊಂದು ಗಂಟೆ ಜಾರಿಸಿದೆ. ನಾನೇ! ನಡುವೆ ಎಲ್ಲೋ, ಆಳದಿಂದೆಂಬಂತೆ, "ಹೂಂ" ಎಂಬ ಸದ್ದು.

"ಇದರಲ್ಲಿ ಅಜ್ಜ ಎಲ್ಲಿದ್ದಾರ್ರೀ?" ಎಂದಳು ಹೆಂಡತಿ.

"ಈಗ ಹೂಂ ಅಂದರಲ್ಲ, ಅವರೇ."

ಬಂಕಿನಕ್ಕ ಕಿಟಕಿಗೆ ಬಗ್ಗಿದಳು. "ಆ ಮೇಸ್ತ್ರಿ ಏನ್ ಮಾಡಿದ್ರು ಸಾರ್? ಪಾಪ, ಅಜ್ಜ ಏನೋ ಹೇಳೋಕೆ ಬಂದ್ರು. ಬಿಡ್ಬಾರ್ದಾಗಿತ್ತಾ?"

ಮೇಸ್ತ್ರಿ ಏನು ಮಾಡಿದರೆಂಬುದು ನನಗೂ ತಿಳಿದಿರಲಿಲ್ಲ. ಇಸ್ತ್ರಿ ಅಂಗಡಿಯ ಅಜ್ಜಿಯನ್ನು ಒತ್ತಿದೆ. "ಅದಕ್ಕೆ ಆಮೇಲೆ ಬರೋಣ," ಎನ್ನುತ್ತಿದ್ದೆ ನಾನು. ಎಲ್ಲೂ ಆಮೇಲೆ ಬಂದಿರಲಿಲ್ಲ. ಲಾರಿಯಿಂದ ಮಾತು ಬಂತು: "ಅಮ್ಮಾ, ಇವ್ರು ಮನೇಲೂ ಹಿಂಗೇನಾ?"

"ಮನೇಲಿ ಹೂಂ ಅನ್ನೋಕೂ ಬಿಡಲ್ಲಪ್ಪ," ಎಂದಳು ನನ್ನ ಧರ್ಮಪತ್ನಿ. "ಅಳಿಸ್ರೀ. ನಿಮ್ಮ ಮಾತು ಬೇಕು ಅಂದ್ರೆ ಮನೇಲಿ ದಂಡಿಯಾಗಿದೆ."

ಅಜ್ಜನ ಹೂಂಗಳಿಗೆ ಮನದಲ್ಲೇ ಕ್ಷಮೆ ಕೋರಿ, ಮೂರು ಗಂಟೆಯ ನನ್ನನ್ನು ನಾನೇ ಅಳಿಸಿದೆ. ಆ್ಯಪ್ ಹೊಸದಾಯಿತು. ಹಣ ಹೋಯಿತು. ಬಂಕಿನಕ್ಕ ಕೀಲಿಯ ಜೊತೆಗೆ ಗಾಜು ಒರೆಸುವ ಬಟ್ಟೆಯನ್ನೂ ಕೊಟ್ಟಳು. "ಇಟ್ಕೊಳ್ಳಿ ಸಾರ್, ಬೆವರಿದೀರ."

ತಾತನ ಮನೆ ತಲುಪಿದಾಗ ಮೂರು ನಲವತ್ತು. ಗಂಟುಗಳು ಅಂಗಳದಲ್ಲಿದ್ದವು; ಮಗಳು ಬೀಗ ಹಿಡಿದು ನಿಂತಿದ್ದಳು. ಹೆಂಡತಿ ಹಲ್ಲು ಕೂರಿಸಿದಳು. ತಾತ ಎರಡು ಸಲ ಕಚ್ಚಿ ನೋಡಿ, ಗಂಟಲು ಸರಿಮಾಡಿಕೊಂಡು, ಹೊಳೆಯತ್ತ ತಿರುಗಿ ಕೂಗಿದರು. ಅಬ್ಬಾ! ಗೋಡೆಯ ಮೇಲಿನ ಬೆಕ್ಕು ಕೆಳಕ್ಕೆ ಬಿತ್ತು. ದೋಣಿ ಹೊರಡುವ ಕೂಗು, ಮಂಜಿನ ಕೂಗು, ದಾಟುವಾಗ ಹೆರಿಗೆಯಾದವಳ ಕಥೆ, ಎಲ್ಲ ಬಂದವು. ಮಂಜಿನ ಕೂಗಿನ ಹೊತ್ತಿಗೆ ನನ್ನ ನಾಲಿಗೆಯ ತುದಿಗೆ "ಒಂದು ನಿಮಿಷ" ಬಂದು ನಿಂತಿತ್ತು. ಬಂಕಿನಕ್ಕ ಕೊಟ್ಟ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡೆ. ಹದಿನೈದು ನಿಮಿಷ ನಾನು ಪಿಟ್ಟೆನ್ನಲಿಲ್ಲ.

ಬಸ್ಸು ಹತ್ತುವ ಮುನ್ನ ತಾತ ಕನಿಕರದಿಂದ ನನ್ನನ್ನೇ ನೋಡಿ, ಹೆಂಡತಿಯ ಕಿವಿಯ ಬಳಿ ಬಾಗಿದರು. ತೊಂಬತ್ತೊಂದರ ಅಂಬಿಗರ ಪಿಸುಮಾತು ಆಚೆ ದಡಕ್ಕೂ ಕೇಳುವಂತಿತ್ತು.

"ಡಾಕ್ಟ್ರಮ್ಮಾ, ನಿಮ್ಮ ಯಜಮಾನ್ರು ಬಾಯೇ ಬಿಡ್ಲಿಲ್ಲ, ಪಾಪ. ಅವರಿಗೂ ನನ್ನ ಥರ ಹಲ್ಲಿಲ್ವಾ?"

"ಇದ್ವು ತಾತ," ಎಂದಳು ಅವಳು. "ಬರ್ತಾ ದಾರೀಲಿ ಪೆಟ್ರೋಲಿಗೆ ದುಡ್ಡು ಕೊಡೋವಾಗ ಉದುರಿಹೋದ್ವು."